ಅಂಗಿಯ ಮೂರನೇ ಗುಂಡಿ

"ಏಳೇ ದರಿದ್ರ ಮುಂಡೇದೆ! ಮೂರು ವರ್ಷದಿಂದ ಮಂಚ ಕೊಟ್ಟಿದೀವಿ, ಹಾಸಿಗೆ ಕೊಟ್ಟಿದೀವಿ, ಇನ್ನೂ ಕೆಳಗೇ ಹೋಗಿ ತೂರ್ಕೋತೀಯಲ್ಲ, ನಾಯೇನೇ ನೀನು?"

ವಾರ್ಡನಮ್ಮ ಪೊರಕೆಯ ಹಿಡಿಯಿಂದ ಮಂಚದ ಕೆಳಗೆ ತಿವಿಯುತ್ತಿದ್ದಳು. ಅಲ್ಲಿಂದ ಮೊದಲು ಒಂದು ಬಿಕ್ಕಳಿಕೆ ಬಂತು, ಆಮೇಲೆ ಒಂದು ಕೈ ಬಂತು, ಕೊನೆಗೆ ಹುಡುಗಿ ಬಂದಳು. ಹೆದರಿದಾಗೆಲ್ಲ ಬಿಕ್ಕಳಿಸುವ ಅವಳಿಗೆ ಬಿಕ್ಕಿ ಅನ್ನುವ ಹೆಸರೇ ನಿಂತುಹೋಗಿದೆ. ವಯಸ್ಸು ಹದಿನೇಳು. ನೋಡಿದವರು ಹನ್ನೆರಡು ಅಂದರೂ ಯಾರೂ ಜಗಳಕ್ಕೆ ಬರುವುದಿಲ್ಲ.

ನಾನು ಆಸ್ಪತ್ರೆಯ ಹೊದಿಕೆಗಳ ಗಂಟನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಬಿಡೀಮ್ಮ, ನಾನು ಕರ್ಕೊಂಡು ಹೋಗ್ತೀನಿ."

"ನೀನೊಬ್ಬಳು ಕಮ್ಮಿ ಆಗಿದ್ದೆ. ಬಂದ್ಲಪ್ಪ ಮೇಷ್ಟ್ರಮ್ಮ! ಯಾವ ಸ್ಕೂಲಲ್ಲಿ ಪಾಠ ಮಾಡಿ ಆ ಹೆಸರು ತಗೊಂಡ್ಯೋ, ಇವಳಿಗೆ ಮಂಚದ ಮೇಲೆ ಮಲಗೋದು ಹೇಳ್ಕೊಡಕ್ಕೆ ಆಗಲಿಲ್ಲ ನಿನ್ ಕೈಲಿ. ಸೋಮವಾರ ಕಮಿಟಿ ಬರತ್ತೆ. ಅವತ್ತೇನಾದ್ರೂ ಇವಳು ಮಂಚದ ಕೆಳಗೆ ಸಿಕ್ಕಿದ್ಲೋ, ಇಬ್ಬರ ಚರ್ಮಾನೂ ಸುಲೀತೀನಿ."

ಸುಲಿಯುವ ವಿಷಯ ಇವಳು ನಮಗೆ ಹೇಳುತ್ತಾಳೆ. ನಾನು ಹನ್ನೊಂದು ವರ್ಷ, ಬಿಕ್ಕಿ ಮೂರು ವರ್ಷ, ಸುಲಿದು ಸುಲಿದೇ ಇಲ್ಲಿಗೆ ಬಂದವರು. ಸಮುದ್ರದ ಹತ್ತಿರ ಒಂದು ತಗಡಿನ ಶೆಡ್ಡು. ಹೊರಗಿನಿಂದ ಬೀಗ. ಒಳಗೆ ನಲವತ್ತು ಹೆಣ್ಣುಗಳು, ಉದ್ದನೆಯ ಮೇಜುಗಳು, ಮೇಜಿನ ತುಂಬ ಐಸು, ಐಸಿನ ತುಂಬ ಸಿಗಡಿ. ತಲೆ ಕಿತ್ತು, ಸಿಪ್ಪೆ ಬಿಡಿಸಿ, ಬೆನ್ನಿನ ಕರಿ ನರ ಎಳೆದು ಬುಟ್ಟಿಗೆ ಹಾಕಬೇಕು. ಬೆಳಕು ಹರಿಯುವ ಮುಂಚೆ ಶುರು, ಯಾವಾಗ ಮುಗಿಯುತ್ತದೆ ಎಂದು ಕೇಳುವ ಹಾಗಿಲ್ಲ. ಒಂದು ವರ್ಷ ಆಗುವಷ್ಟರಲ್ಲಿ ಬೆರಳ ತುದಿಯ ಗೆರೆಗಳು ಸವೆದು ಹೋಗುತ್ತವೆ. ಕೈ ಬೆರಳು ಯಾರದೋ ಆಗಿಬಿಡುತ್ತದೆ.

ಒಂದು ದಿನ ಬಾಗಿಲು ಒಡೆದು ನಮ್ಮನ್ನು ಬಿಡಿಸಿದರು. ಮಾಲೀಕನ ಮೇಲೆ ಕೇಸು ಹಾಕಿದರು, ನಾನೇ ಮೊದಲನೇ ಸಾಕ್ಷಿ. ಮನೆ ಇದ್ದವರು ಮನೆಗೆ ಹೋದರು, ಇಲ್ಲದವರನ್ನು ಈ ಆಸರೆಮನೆಗೆ ತಂದು ಬಿಟ್ಟರು. ಇಲ್ಲಿ ಗುಣವಾಗಲು ಮೂರು ವರ್ಷ ಕೊಡುತ್ತಾರೆ. ಮೂರು ವರ್ಷದಲ್ಲಿ ಗುಣವಾಗದಿದ್ದರೆ ಅದು ನಮ್ಮ ಸೋಮಾರಿತನ. ನನ್ನ ಫೈಲಿನ ಮೇಲೆ ಆಗಲೇ 'ಸಂಪೂರ್ಣ ಚೇತರಿಕೆ' ಎಂದು ಸೀಲು ಬಿದ್ದಿದೆ. ಇಂದಿಗೂ ಯಾರಾದರೂ ಪಕ್ಕದಲ್ಲಿ ಐಸು ಕುಟ್ಟಿದರೆ ನನ್ನ ಉಗುರುಗಳ ಬುಡ ನೋಯುತ್ತದೆ, ಸೀಲು ಹೊಡೆದವರು ಅದನ್ನು ಕೇಳಲಿಲ್ಲ. ಈ ಮನೆಯವರು ಆಸ್ಪತ್ರೆಯ ಬಟ್ಟೆ ಒಗೆದುಕೊಡುತ್ತಾರೆ, ಸೀಲು ಬಿದ್ದ ಮೇಲೆ ನಾನು ಇಲ್ಲೇ ಬಟ್ಟೆ ಒಗೆಯುವವಳಾಗಿ ಉಳಿದೆ. ಹಿತ್ತಲ ಕೋಣೆ ನನ್ನದು.

ಈಗ ಬಿಕ್ಕಿಯ ಸರದಿ. ಅವಳಿಗೆ ವಯಸ್ಸು ತುಂಬಿಲ್ಲವಾದ್ದರಿಂದ ಕಮಿಟಿ ಅವಳನ್ನು ಮನೆಯವರಿಗೆ ಒಪ್ಪಿಸಬೇಕು. ಮನೆಯವರು ಅಂತ ಇರುವುದು ಒಬ್ಬ ಸೋದರಮಾವ. ಅವನು ಅರ್ಜಿ ಹಾಕಿದ್ದ.

ಅರ್ಜಿಯ ಸುದ್ದಿ ಬಂದ ದಿನ ಒಗೆದ ಹೊದಿಕೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದೆವು. ಎರಡು ಹೊದಿಕೆಗಳ ನಡುವೆ ನಿಂತು ಬಿಕ್ಕಿ ಹೇಳಿದಳು.

"ಅಕ್ಕ, ಮಾವನೇ ನನ್ನ ವ್ಯಾನ್ ಹತ್ತಿಸಿದ್ದು."

"ಯಾವ ವ್ಯಾನು?"

"ಶೆಡ್ಡಿಂದು. ಅಮ್ಮ ಸತ್ತು ಹದಿನಾರು ದಿನ ಆಗಿತ್ತು. ಹೊಸ ಚಪ್ಪಲಿ ಕೊಡಿಸಿದ. ಮುಂದಿನ ಸೀಟಲ್ಲಿ ಕೂರಿಸಿದ. ಕೈ ಬೀಸ್ದ ಅಕ್ಕ, ನಾನೂ ಬೀಸ್ದೆ."

ಆಮೇಲೆ ಬಿಕ್ಕಳಿಕೆ ಹತ್ತಿತು. ಒದ್ದೆ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು, ಇಡೀ ಹಗ್ಗ ಅಲುಗಾಡುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಎಷ್ಟೋ ಕೇಳಿದ್ದೆ. ಮೇಯ್ದ ಬೇಲಿ ಹೊಲವನ್ನು ವಾಪಸು ಕೊಡಿ ಎಂದು ಅರ್ಜಿ ಹಾಕಿದ್ದನ್ನು ಮಾತ್ರ ಅವತ್ತೇ ಕೇಳಿದ್ದು.

ಓಡಿಹೋಗಿ ವಾರ್ಡನಮ್ಮನಿಗೆ ಹೇಳಿದೆ. ಅವಳು ಫೈಲು ತೆಗೆದು ನನ್ನ ಮುಖಕ್ಕೆ ಹಿಡಿದಳು.

"ಓದಕ್ಕೆ ಬರತ್ತಾ ಮೇಷ್ಟ್ರಮ್ಮಂಗೆ? ನಾನೇ ಓದ್ತೀನಿ ಕೇಳು. ಬಾಗಿಲು ಒಡೆದ ದಿನ ಪೊಲೀಸರಿಗೆ ಇವಳೇ ಕೊಟ್ಟ ಹೇಳಿಕೆ. 'ನನ್ನನ್ನು ಯಾರೂ ಕರೆತಂದಿಲ್ಲ. ನಾನೇ ಕೆಲಸ ಕೇಳಿಕೊಂಡು ಬಂದೆ.' ಮೂರು ವರ್ಷ ಆದ್ಮೇಲೆ ಮಾವನ ಮೇಲೆ ಗೂಬೆ ಕೂರಿಸ್ತೀರಾ? ಇಲ್ಲಿ ಪುಕ್ಕಟೆ ಊಟಕ್ಕೆ ರುಚಿ ಹತ್ತಿದೆ, ಅದಕ್ಕೆ ಈ ನಾಟಕ."

ಆ ಹೇಳಿಕೆಯ ಒಂದೊಂದು ಅಕ್ಷರವೂ ನನಗೆ ಗೊತ್ತಿತ್ತು. ನಾನು ಈಚೆ ಬಂದೆ.

ಬುಧವಾರ ಬುಧವಾರ ಬರುವ ಡಾಕ್ಟರಮ್ಮ ಒಬ್ಬರಿದ್ದಾರೆ. ಮಾತ್ರೆ ಬರೆದುಕೊಟ್ಟು ಓಡಿಹೋಗುವವರಲ್ಲ. ನೆಲದ ಮೇಲೆ ಬಿಕ್ಕಿಯ ಎದುರು ಕೂತು ಗಂಟೆಗಟ್ಟಲೆ ಸುಮ್ಮನೆ ಇರುತ್ತಾರೆ. ಮೂರು ವರ್ಷದಲ್ಲಿ ಅವಳು ಕನ್ನಡಿ ನೋಡುವ ಹಾಗೆ, ಬಾಗಿಲು ಮುಚ್ಚಿದರೂ ಕಿರುಚದ ಹಾಗೆ ಮಾಡಿದ್ದು ಅವರೇ. ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಇವಳಿಗೆ ಇನ್ನೂ ಎರಡು ವರ್ಷ ಬೇಕು ಅಂತ ಬರ್ದುಕೊಟ್ಟಿದೀನಿ. ಕ್ಯಾಲೆಂಡರ್ ನೋಡ್ಕೊಂಡು ಗಾಯ ಮಾಗಲ್ಲ. ಆದ್ರೆ ಕಮಿಟಿ ಸಾಹೇಬ್ರು ನನ್ನ ಕಾಗದ ನಂಬಲ್ಲ, ಹುಡುಗಿ ಬಾಯಿಂದಾನೇ ಬರಬೇಕು ಅಂತಾರೆ. ಸೋಮವಾರ ನಾನು ಇನ್ನೊಂದು ಊರಿನ ಆಸ್ಪತ್ರೇಲಿರ್ತೀನಿ. ನಿದ್ದೆ ಬರಲ್ಲ, ಮಾವನ ಜೊತೆ ಹೋಗಲ್ಲ, ಅವನೇ ಕಳಿಸಿದ್ದು. ಈ ಮೂರು ಮಾತು ಅವಳು ಹೇಳಿಬಿಟ್ರೆ ಸಾಕು. ನೀನು ಸ್ವಲ್ಪ ಧೈರ್ಯ ಹೇಳು. ನಿನ್ನ ಮಾತು ಕೇಳ್ತಾಳೆ."

ನನ್ನ ಮಾತು ಕೇಳುತ್ತಾಳೆ. ಅದೇ ಅವಳ ಹಣೆಬರಹ ಕೆಡಿಸಿದ್ದು.

ನನಗೆ ಮೇಷ್ಟ್ರಮ್ಮ ಅನ್ನುವ ಹೆಸರು ಯಾವ ಸ್ಕೂಲಿನಲ್ಲೂ ಬಂದದ್ದಲ್ಲ, ಶೆಡ್ಡಿನಲ್ಲಿ ಬಂದದ್ದು. ವರ್ಷಕ್ಕೆ ಎರಡು ಸಲ ಸರಕಾರದ ಕಡೆಯಿಂದ ತನಿಖೆಗೆ ಬರುತ್ತಿದ್ದರು, ಬರುವ ಮುಂಚೆ ಮಾಲೀಕನಿಗೆ ಫೋನು ಬರುತ್ತಿತ್ತು. ಹೊಸ ಹುಡುಗಿಯರಿಗೆ ಉತ್ತರ ಕಲಿಸುವ ಕೆಲಸವನ್ನು ಮೇಸ್ತ್ರಿ ನನಗೆ ಹಚ್ಚಿದ. ಕಲಿಸಿದ ದಿನ ನನಗೆ ಐಸಿನಲ್ಲಿ ಕೈ ಇಡುವುದು ತಪ್ಪುತ್ತಿತ್ತು. ಒಂದು ದಿನ ಬೆಚ್ಚಗಿನ ಕೈ. ಅದಕ್ಕಾಗಿ ನಾನು ಕಲಿಸಿದೆ, ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ. ಎಡವಿದ ಹುಡುಗಿಯ ಎರಡೂ ಕೈಯನ್ನು ಮೇಸ್ತ್ರಿ ಐಸಿನ ಡ್ರಮ್ಮಿನಲ್ಲಿ ಅದ್ದಿ ಹಿಡಿಯುತ್ತಿದ್ದ, ಚರ್ಮ ನೀಲಿಯಾಗುವ ತನಕ.

ನಾನು ಚೆನ್ನಾಗಿ ಕಲಿಸುತ್ತಿದ್ದೆ. ಮೇಜಿನ ಆಚೆ ನಾನು ಸಾಹೇಬನಾಗಿ ನಿಲ್ಲುವುದು, ಈಚೆ ಹುಡುಗಿ. ಎರಡೂ ಕೈ ಮೇಜಿನ ಮೇಲೆ. "ಕಣ್ಣು ನೋಡಬೇಡ, ಅಳು ಬರತ್ತೆ. ನೆಲ ನೋಡಬೇಡ, ಸುಳ್ಳು ಅನ್ಕೋತಾರೆ. ಅಂಗಿಯ ಮೂರನೇ ಗುಂಡಿ ನೋಡು." ಗುಂಡಿಯ ಉಪಾಯ ನನ್ನದೇ. ಅದನ್ನು ಕೇಳಿ ಮೇಸ್ತ್ರಿ ನನ್ನ ಬೆನ್ನು ತಟ್ಟಿದ್ದ. ಆಗ ನನಗೆ ಹೆಮ್ಮೆಯಾಗಿತ್ತು ಎಂದು ಹೇಳಲು ಈಗ ನಾಲಿಗೆ ಬರುವುದಿಲ್ಲ, ಆದರೂ ಆಗಿತ್ತು.

ಬಿಕ್ಕಿ ಬಂದಾಗ ಹನ್ನೊಂದು ವರ್ಷದವಳು. ಎರಡೇ ದಿನಕ್ಕೆ ಗಿಣಿಯ ಹಾಗೆ ಕಲಿತಳು. ಬಾಗಿಲು ಒಡೆದು ಬಂದ ಪೊಲೀಸರಿಗೂ ಅದನ್ನೇ ಒಪ್ಪಿಸಿದಳು. ನಾನು ಪಕ್ಕದಲ್ಲೇ ಇದ್ದೆ, ತುಟಿ ಬಿಚ್ಚಲಿಲ್ಲ. ಇದು ಡಾಕ್ಟರಮ್ಮನಿಗೆ ಗೊತ್ತಿಲ್ಲ, ವಾರ್ಡನಮ್ಮನಿಗೆ ಗೊತ್ತಿಲ್ಲ, ಯಾವ ಫೈಲಿನಲ್ಲೂ ಇಲ್ಲ.

ಸೋಮವಾರಕ್ಕೆ ನಾಲ್ಕು ದಿನ ಇತ್ತು. ಬಟ್ಟೆ ಮಡಿಸುವ ಮೇಜಿನ ಆಚೆ ನಾನು ನಿಂತೆ. ಒಗೆಯಲು ಬಂದಿದ್ದ ಯಾರೋ ಡಾಕ್ಟರರ ಬಿಳಿ ಕೋಟು ಹಾಕಿಕೊಂಡು ಹೊಟ್ಟೆ ಮುಂದೆ ಮಾಡಿದೆ. ಬಿಕ್ಕಿ ಮೂರು ವರ್ಷದಲ್ಲಿ ಎರಡನೇ ಸಲ ನಕ್ಕಳು.

"ಏನಮ್ಮ, ರಾತ್ರಿ ನಿದ್ದೆ ಬರತ್ತಾ?"

"ಇಲ್ಲ ಸಾರ್. ಮಂಚ ಅಂದ್ರೆ ಭಯ."

"ಮಾವನ ಜೊತೆ ಹೋಗ್ತೀಯಾ?"

"ಹೋಗಲ್ಲ ಸಾರ್. ಅವನೇ ನನ್ನ ಕಳಿಸಿದ್ದು."

"ಜೋರಾಗಿ ಹೇಳೇ, ಸಾಹೇಬ್ರಿಗೆ ಕಿವಿ ಮಂದ."

"ಅವನೇ ಕಳಿಸಿದ್ದು ಸಾರ್!"

ಒಗೆದ ಬಟ್ಟೆಗಳ ಮೇಲೆಲ್ಲ ಆ ಮಾತು ಬಿತ್ತು. ನನ್ನ ಎದೆ ತುಂಬಿ ಬಂತು. ಕೈ ಮೇಜಿನ ಮೇಲಿಡು ಅಂದೆ, ಇಟ್ಟಳು. ಅವಳ ಕಣ್ಣು ನೆಲದ ಕಡೆಗೆ ಇಳಿಯುವುದನ್ನು ಕಂಡು, ಏನೂ ಯೋಚನೆ ಮಾಡದೆ, ಗುಂಡಿ ನೋಡು ಅಂದೆ. ನೋಡಿದಳು. ಬೇರೆ ಥರ ಕಲಿಸುವುದು ನನಗೆ ಎಲ್ಲಿ ಬರಬೇಕು? ಕಲಿಸುವುದು ಅಂದರೆ ನನಗೆ ಅದೊಂದೇ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾವ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಮೀಸೆ ತಿರುವುವ ಕಟುಕ ಬರುತ್ತಾನೆ ಎಂದುಕೊಂಡಿದ್ದೆ. ಬಂದವನು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು, ಬೆಂಚಿನ ತುದಿಯಲ್ಲಿ ಕೂತು ನನಗೆ ಕೈ ಮುಗಿದ.

"ನಿಮ್ಮಂಥೋರ ಕೈಯಲ್ಲಿ ನಮ್ಮ ಮಗು ಬೆಳೀತು ತಂಗಿ. ನಿಮ್ಮ ಋಣ ತೀರ್ಸಕ್ಕಾಗಲ್ಲ."

ನನ್ನ ಬಾಯಿಗೆ ಬಂದದ್ದನ್ನು ಉಗುಳಿದ್ದರೆ ಅವನ ಬಿಳಿ ಅಂಗಿ ಉಳಿಯುತ್ತಿರಲಿಲ್ಲ. ನುಂಗಿಕೊಂಡೆ. ಬಿಕ್ಕಿ ಹೇಳುತ್ತಾಳೆ, ಸಾಹೇಬರು ಕೇಳುತ್ತಾರೆ, ಇವನನ್ನು ಇಲ್ಲಿಂದಲೇ ಪೊಲೀಸರು ಎಳೆದುಕೊಂಡು ಹೋಗುತ್ತಾರೆ ಎಂದು ನಂಬಿದ್ದೆ.

ಒಳಗೆ ಮೂವರು. ನಡುವೆ ಸಾಹೇಬರು. ಒಂದು ಪಕ್ಕ ನಮಗೆ ಬಟ್ಟೆ ಒಗೆಯುವ ಮೆಷಿನ್ ಕೊಡಿಸಿದ ದಾನಿಯಮ್ಮ. ಇನ್ನೊಂದು ಪಕ್ಕ ವಾರ್ಡನಮ್ಮ, ಅವತ್ತು ಅವಳ ಬಾಯಲ್ಲಿ ಜೇನು. ಬಿಕ್ಕಿಯನ್ನು ಎದುರು ಕೂರಿಸಿದರು. ಟೀ ತಟ್ಟೆ ಹಿಡಿದು ನಾನು ಬಾಗಿಲಲ್ಲಿ ನಿಂತೆ.

"ಹೆದರಬೇಡಮ್ಮ," ಅಂದರು ಸಾಹೇಬರು. ದನಿ ಒಳ್ಳೆಯದೇ. "ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಮೂರು ವರ್ಷ ಸಾರ್."

"ರಾತ್ರಿ ನಿದ್ದೆ ಬರತ್ತಾ?"

ಬಿಕ್ಕಿ ಎರಡೂ ಕೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟಳು. ಸಾಹೇಬರ ಅಂಗಿಯ ಮೂರನೇ ಗುಂಡಿ ನೋಡಿದಳು. ಅವಳ ಬೆನ್ನು ನೆಟ್ಟಗಾಯಿತು, ಕತ್ತು ಸ್ವಲ್ಪ ಓರೆಯಾಯಿತು, ಹನ್ನೊಂದು ವರ್ಷದವಳು ಹಾಗೇ ನಿಲ್ಲುತ್ತಿದ್ದಳು.

"ಚೆನ್ನಾಗಿ ಬರತ್ತೆ ಸಾರ್."

"ಊಟ?"

"ಹೊಟ್ಟೆ ತುಂಬ ಕೊಡ್ತಾರೆ ಸಾರ್."

"ಯಾರಾದ್ರೂ ಹೊಡೆಯೋದು, ಬೈಯೋದು?"

"ಇಲ್ಲ ಸಾರ್. ಮನೆ ಮಕ್ಕಳ ಥರ ನೋಡ್ಕೋತಾರೆ."

"ಮಾವನ ಮನೆಗೆ ಹೋಗ್ತೀಯೇನಮ್ಮ?"

"ಹೋಗ್ತೀನಿ ಸಾರ್. ನನ್ನ ಇಷ್ಟದಿಂದಾನೇ. ಯಾರ ಬಲವಂತಾನೂ ಇಲ್ಲ."

ಒಂದು ಬಿಕ್ಕಳಿಕೆ ಇಲ್ಲ. ದಾನಿಯಮ್ಮ ಕರವಸ್ತ್ರದಿಂದ ಕಣ್ಣೊರಸಿಕೊಂಡಳು. "ಎಷ್ಟು ಚೆನ್ನಾಗಿ ಮಾತಾಡ್ತಾಳೆ ನೋಡಿ! ನಮ್ಮ ಮನೆ ಮಕ್ಕಳಿಗೆ ಈ ಧೈರ್ಯ ಇಲ್ಲ." ಸಾಹೇಬರು ಡಾಕ್ಟರಮ್ಮನ ಕಾಗದವನ್ನು ಫೈಲಿನ ಅಡಿಗೆ ಸರಿಸಿ ಸೀಲಿನ ಪೆಟ್ಟಿಗೆ ಎಳೆದುಕೊಂಡರು. ವಾರ್ಡನಮ್ಮ ಎದ್ದುಹೋಗಿ ಮಾವನನ್ನು ಒಳಗೆ ಕರೆದಳು.

ತಟ್ಟೆ ಕೆಳಗಿಟ್ಟೆನೋ ಬಿಟ್ಟೆನೋ ನೆನಪಿಲ್ಲ. ನೆಲದ ಮೇಲೆ ಟೀ ಹರಿಯುತ್ತಿತ್ತು.

"ಸಾರ್, ಸೀಲು ಹಾಕಬೇಡಿ. ಅದು ಅವಳ ಮಾತಲ್ಲ."

"ಏಯ್, ಹೊರಗೆ ಹೋಗೇ!" ವಾರ್ಡನಮ್ಮನ ಬಾಯಿಯ ಜೇನು ಒಣಗಿತು. "ಕ್ಷಮಿಸಿ ಸಾರ್, ಇವಳು ನಮ್ಮ ಬಟ್ಟೆ ಒಗೆಯೋಳು, ತಲೆ ಸರಿ ಇಲ್ಲ."

"ನಂದು ಸಂಪೂರ್ಣ ಚೇತರಿಕೆ ಸಾರ್, ನೀವೇ ಸೀಲು ಹೊಡೆದಿದೀರಿ. ಅದು ಅವಳ ಮಾತಲ್ಲ, ನನ್ನ ಮಾತು. ಶೆಡ್ಡಲ್ಲಿ ನಾನೇ ಕಲಿಸಿದ್ದು. ತನಿಖೆಗೆ ಬಂದೋರಿಗೆ ಹೇಳಕ್ಕೆ."

ಸಾಹೇಬರು ಕನ್ನಡಕ ತೆಗೆದರು. "ಏನು ಪುರಾವೆ?"

ಪುರಾವೆ ನನ್ನ ಎದುರಿಗೇ ಕೂತಿತ್ತು. ಹೇಗೆ ತೋರಿಸಬೇಕು ಎಂದು ನನಗೆ ಗೊತ್ತಿತ್ತು. ಮೇಜಿನ ಆಚೆ ಹೋಗಿ ಸಾಹೇಬರ ಪಕ್ಕದಲ್ಲಿ ನಿಂತೆ. ಮೂರು ವರ್ಷದಿಂದ ಬಳಸದೆ ಇಟ್ಟಿದ್ದ ಆ ಗಂಡಸಿನ ದನಿಯನ್ನು ಗಂಟಲಿನಿಂದ ತೆಗೆದೆ.

"ಏಯ್ ಹುಡುಗಿ. ನಿನ್ನ ಇಲ್ಲಿಗೆ ಯಾರು ಕರ್ಕೊಂಡು ಬಂದ್ರು?"

ಬಿಕ್ಕಿ ಕುರ್ಚಿಯಿಂದ ಎದ್ದು ನಿಂತಳು. "ಯಾರೂ ಇಲ್ಲ ಸಾರ್. ನಾನೇ ಕೆಲಸ ಕೇಳ್ಕೊಂಡು ಬಂದೆ."

"ವಯಸ್ಸೆಷ್ಟು?"

"ಹದಿನೆಂಟು ತುಂಬಿದೆ ಸಾರ್."

ಸಾಹೇಬರು ಫೈಲಿನಲ್ಲಿದ್ದ ಹುಟ್ಟಿದ ತಾರೀಕು ನೋಡಿದರು. ನಾನು ನಿಲ್ಲಿಸಲಿಲ್ಲ.

"ಬಾಗಿಲಿಗೆ ಬೀಗ ಹಾಕ್ತಾರಾ?"

"ಇಲ್ಲ ಸಾರ್. ಬೆಕ್ಕು ಬರತ್ತೆ ಅಂತ ಚಿಲಕ ಹಾಕ್ಕೋತೀವಿ, ನಾವೇ."

"ಕೈಯೆಲ್ಲ ಯಾಕೆ ಒಡೆದಿದೆ?"

"ಸಿಗಡಿ ಮುಳ್ಳು ಸಾರ್. ನಂಗೆ ಕೆಲಸ ಹೊಸದು. ಅಭ್ಯಾಸ ಆಗತ್ತೆ."

ಕೋಣೆಯಲ್ಲಿ ಸಿಗಡಿ ಇರಲಿಲ್ಲ. ಒಗೆದ ಪರದೆ ಇತ್ತು, ಹೂದಾನಿ ಇತ್ತು. ಬಿಕ್ಕಿ ಅದಾವುದನ್ನೂ ನೋಡುತ್ತಿರಲಿಲ್ಲ. ಅವಳ ಕೈಗಳು ಮೇಜಿನ ಮೇಲೆ ತಾವಾಗಿಯೇ ಆಡತೊಡಗಿದವು. ತಲೆ ಕೀಳುವುದು, ಸಿಪ್ಪೆ ಬಿಡಿಸುವುದು, ನರ ಎಳೆಯುವುದು. ದಾನಿಯಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಬಿಕ್ಕಿಯ ಕಾಲ ಬಳಿ ನೆಲ ಒದ್ದೆಯಾಗುತ್ತಿತ್ತು. ನಾನು ಟೀ ಎಂದುಕೊಂಡೆ. ಟೀ ಅಲ್ಲ, ನಿಂತಲ್ಲೇ ಹುಡುಗಿಗೆ ಉಚ್ಚೆ ಹೋಗಿತ್ತು.

"ಸಾಕು ನಿಲ್ಸು," ಅಂದರು ಸಾಹೇಬರು.

ಮಾವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಕಲಿಸಿದ್ದು ತಾನೇ ಅಂತ ಈ ಹೆಂಗಸೇ ಒಪ್ಕೋತಿದಾಳಲ್ಲ ಸಾರ್. ಇವಳನ್ನ ಹಿಡಿದು ಹಾಕೋದು ಬಿಟ್ಟು ನಮ್ಮ ಮಗೂನ ಯಾಕೆ ಗೋಳು ಹುಯ್ಕೋತೀರಿ? ಬಾ ಕಂದಾ." ಎರಡು ಹೆಜ್ಜೆ ಮುಂದೆ ಇಟ್ಟ.

ಆಗ ಬಿಕ್ಕಳಿಕೆ ಬಂತು. ಒಂದಾದ ಮೇಲೊಂದು, ಉಸಿರು ಸಿಕ್ಕಿಹಾಕಿಕೊಳ್ಳುವ ಹಾಗೆ. ವಾರ್ಡನಮ್ಮ, "ನೀರು ಕುಡಿಸಿ, ನೀರು ಕುಡಿಸಿ," ಅಂದಳು. ಅದಕ್ಕಿಂತ ದೊಡ್ಡ ಹೇಳಿಕೆಯನ್ನು ಆ ಹುಡುಗಿ ಜನ್ಮದಲ್ಲಿ ಕೊಟ್ಟಿರಲಿಲ್ಲ, ಬರೆದುಕೊಳ್ಳಲು ಅದರಲ್ಲಿ ಅಕ್ಷರ ಇರಲಿಲ್ಲ ಅಷ್ಟೆ.

ಸಾಹೇಬರು ಮಾವನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಸಿದರು. ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು.

"ನೋಡು, ಮಾಲೀಕನ ಕೇಸಲ್ಲಿ ನೀನೇ ಮೊದಲನೇ ಸಾಕ್ಷಿ. ನಾನು ಇದನ್ನ ಬರ್ಕೊಂಡ್ರೆ ನೀನು ಸಾಕ್ಷಿ ಆಗಿರಲ್ಲ, ಆರೋಪಿ ಆಗ್ತೀಯ. ಅವನ ವಕೀಲ ಇಂಥದ್ದಕ್ಕೇ ಕಾಯ್ತಿದಾನೆ. ಜೈಲಿಗೂ ಹೋಗಬೋದು. ಬರ್ಕೊಳ್ಳದೆ ಇದ್ರೆ ಹುಡುಗೀನ ಇಲ್ಲಿ ಇಟ್ಕೊಳ್ಳಕ್ಕೆ ನನಗೆ ಕಾರಣ ಇಲ್ಲ. ಯೋಚನೆ ಮಾಡು."

"ಉಂಡ ಮನೆಗೆ ಎರಡು ಬಗೀಬೇಡ ಕಣೇ," ಅಂದಳು ವಾರ್ಡನಮ್ಮ. ಅವಳ ಕಣ್ಣಲ್ಲಿ ಮೊದಲ ಸಲ ಹೆದರಿಕೆ ನೋಡಿದೆ. "ಮನೆ ಹೆಸರು ಕೆಡತ್ತೆ. ನಿನ್ನ ಕೆಲಸ, ನಿನ್ನ ಕೋಣೆ, ಎಲ್ಲ ಹೋಗತ್ತೆ. ಅವಳೇನು ನಿನ್ನ ಹೊಟ್ಟೇಲಿ ಹುಟ್ಟಿದೋಳಾ?"

"ಬರ್ಕೊಳ್ಳಿ ಸಾರ್," ಅಂದೆ.

ಧೈರ್ಯದಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಆ ದನಿ ತೆಗೆದ ಮೇಲೆ ನನ್ನಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

ವಿಚಾರಣೆ ಮುಗಿಯುವ ತನಕ ಹುಡುಗಿ ಇಲ್ಲೇ ಇರಲಿ, ಮಾವನನ್ನೂ ಸ್ಟೇಷನ್ನಿಗೆ ಕರೆಸಿ ಎಂದು ಸಾಹೇಬರು ಫೈಲಿನಲ್ಲಿ ಬರೆದರು. ವಿಚಾರಣೆ ಯಾವಾಗ ಮುಗಿಯುತ್ತದೆ ಎಂದು ಬರೆಯಲಿಲ್ಲ. ನಾನು ಸಂಜೆಯೊಳಗೆ ಕೋಣೆ ಖಾಲಿ ಮಾಡಬೇಕು ಎಂದು ವಾರ್ಡನಮ್ಮ ಬಾಯಲ್ಲೇ ಹೇಳಿದಳು.

ಬಿಕ್ಕಿ ಗೋಡೆಯ ಮೂಲೆಯಲ್ಲಿ ಕೂತಿದ್ದಳು. ಯಾರೋ ಒಣ ಲಂಗ ಉಡಿಸಿದ್ದರು. ನಾನು ಎದುರು ಕುಕ್ಕರಗಾಲಲ್ಲಿ ಕೂತು ಅವಳ ಕೈ ಹಿಡಿಯಲು ಹೋದೆ. ಅವಳು ಎರಡೂ ಕೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಳು, ಡ್ರಮ್ಮಿನಲ್ಲಿ ಅದ್ದಿಬಿಡುತ್ತಾರೆಂದು ಹುಡುಗಿಯರು ಬಚ್ಚಿಟ್ಟುಕೊಳ್ಳುವ ಹಾಗೆ.

"ತಪ್ಪಾಯ್ತಾ ಮೇಷ್ಟ್ರಮ್ಮ?" ಅಂದಳು. "ನಾನು ಎಲ್ಲೂ ತಪ್ಪು ಹೇಳಲಿಲ್ಲ ಅಲ್ವಾ?"

ಈ ಮನೆಗೆ ಬಂದಾಗಿನಿಂದ ಅವಳು ನನ್ನನ್ನು ಅಕ್ಕ ಅನ್ನುತ್ತಿದ್ದಳು. ಡಾಕ್ಟರಮ್ಮ ಮೂರು ವರ್ಷದಲ್ಲಿ ಒಂದೊಂದೇ ಹೆಜ್ಜೆ ನಡೆಸಿ ಹೊರಗೆ ತಂದವಳನ್ನು ನಾನು ಐದು ನಿಮಿಷದಲ್ಲಿ ಎಳೆದುಕೊಂಡು ಹೋಗಿ ಒಳಗೆ ಬಿಟ್ಟಿದ್ದೆ. ಅವಳನ್ನು ಉಳಿಸಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಅದೊಂದೇ.

"ಇಲ್ಲ ಕಣೇ," ಅಂದೆ. "ಒಂದೂ ತಪ್ಪಿಲ್ಲ."

ಅವಳು ತಲೆಯಾಡಿಸಿದಳು. ಕೈ ಮಾತ್ರ ಹೊರಗೆ ಬರಲಿಲ್ಲ.

ಸ್ಟೇಷನ್ನಿನಲ್ಲಿ ಹೇಳಿಕೆ ಬರೆಯಲು ಒಬ್ಬ ರೈಟರು ಕೂತಿದ್ದ. ಆಗಲೇ ಸಂಜೆ ಆರು ಗಂಟೆಯಾಗಿತ್ತು, ಅವನಿಗೆ ಮನೆಗೆ ಹೋಗುವ ಅವಸರ. ನನ್ನ ಕಡೆಗೆ ನೋಡದೆಯೇ ಕಾಗದ ಎಳೆದುಕೊಂಡ.

"ಕಲಿಸಿದ್ದು ನಿಜ ತಾನೇ? ಹೌದು ಅನ್ನು, ನಾನೇ ಎರಡು ಸಾಲು ಬರ್ಕೋತೀನಿ. ಕೆಳಗೆ ಹೆಬ್ಬೆಟ್ಟು ಒತ್ತಿ ಹೋಗು."

"ಎರಡು ಸಾಲಲ್ಲಿ ಆಗಲ್ಲ. ಬಿಕ್ಕಿ ಒಬ್ಬಳೇ ಅಲ್ಲ, ಅರವತ್ತೆರಡು ಹುಡುಗೀರು."

"ಅಷ್ಟೂ ಜನರದ್ದು ಯಾರೇ ಬರೀತಾರೆ? ಕೈ ಬಿದ್ದುಹೋಗತ್ತೆ."

"ಬಿದ್ದುಹೋಗಲಿ. ಒಬ್ಬೊಬ್ಬಳದ್ದೂ ಬರೀಬೇಕು. ಯಾವ ವ್ಯಾನಲ್ಲಿ ಬಂದ್ಲು, ಏನು ಕಲಿಸಿದೆ, ಆಮೇಲೆ ಏನಾದ್ಲು, ಎಲ್ಲ ಹೇಳ್ತೀನಿ. ಬರೆಯೋ ತನಕ ಏಳಲ್ಲ. ಬೇಕಾದ್ರೆ ಒದೀರಿ, ಎಳೆದು ಹೊರಗೆ ಹಾಕಿ, ಮತ್ತೆ ಬಂದು ಇಲ್ಲೇ ಕೂರ್ತೀನಿ."

ಅವನು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ನಾನು ಕುರ್ಚಿ ಎಳೆದುಕೊಂಡು ಇನ್ನೂ ಹತ್ತಿರ ಕೂತೆ. ಕೊನೆಗೆ ಅವನು ಬೈದುಕೊಳ್ಳುತ್ತ ಪೆನ್ನು ಎತ್ತಿಕೊಂಡ.

"ಹೇಳು ಮಾರಾಯ್ತಿ. ಒಂದನೇದು ಯಾರು?"

"ಹೆಸರು ಗೊತ್ತಿಲ್ಲ ಸಾರ್. ಕೇಳಕ್ಕೆ ಬಿಡ್ತಿರಲಿಲ್ಲ. ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ ಅವಳಿಗೆ. ಹದಿನೆಂಟು ತುಂಬಿದೆ ಅಂತ ಹೇಳಿಸಿದೆ. ಬರ್ಕೊಳ್ಳಿ."